ಗಲೀಜು ಟೇಪು

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಕಾಲದಲ್ಲಿ ಸಾಂತಾ ಲೂಸಿಯಾ ಬಡಾವಣೆಯ ನಮ್ಮ ಬೀದಿಯಲ್ಲಿ ಇದ್ದ ಮರ್ಯಾದೆ ಪಾದ್ರಿಗಳಿಗೂ ಇರಲಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಬೇಕಾದರೆ ಇನ್ನೂ ಬದುಕಿರುವ ಯಾರನ್ನಾದರೂ ಕೇಳಿ. ಎಂಬತ್ತಮೂರನೇ ಇಸವಿ, ನನಗಾಗ ಹದಿನೈದು, ಸ್ಕೂಲು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮರಕೈಬೋ ಊರಿನ ಚಾನೆಲ್ಲಿನಲ್ಲಿ ಧಾರಾವಾಹಿ ಬರುತ್ತಿತ್ತು. ಆ ಹೊತ್ತಿಗೆ ಬೀದಿಯ ಅರ್ಧಕ್ಕರ್ಧ ಹೆಂಗಸರು ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಯಾರದೋ ಮನೆಯ ಒಲೆ ಮುಂದೋ ಇರುತ್ತಿದ್ದರು. ಬೀಟಾ ವಿಡಿಯೋ ರೆಕಾರ್ಡರು ಬೀದಿಯ ಹಲವು ಮನೆಗಳಲ್ಲಿತ್ತು, ನಮ್ಮದನ್ನು ಮಾಮ ಕುರಸಾವ್ ದ್ವೀಪದಿಂದ ಹೊತ್ತು ತಂದಿದ್ದ; ಆದರೆ ಆ ಹೊತ್ತಿಗೆ ಟೀವಿ ಮುಂದೆ ಇರುತ್ತಿದ್ದವಳು ನಾನು. ಸರದಿಯ ಪ್ರಕಾರ ದಿನಕ್ಕೊಬ್ಬರು ಬೆಳಿಗ್ಗೆ ನಮ್ಮ ಕಿಟಕಿಯಲ್ಲಿ ಕ್ಯಾಸೆಟ್ ಇಟ್ಟು ಹೋಗುವುದು, ನಾನು ಧಾರಾವಾಹಿ ಹಿಡಿದು ಕೊಡುವುದು, ಸಂಜೆಯಿಂದ ಅದು ಮನೆಯಿಂದ ಮನೆಗೆ ತಿರುಗುವುದು.

ಟೈಮರ್ ಇಟ್ಟರೆ ರೆಕಾರ್ಡರು ತಾನೇ ಹಿಡಿಯುತ್ತಿತ್ತಲ್ಲ ಅಂತ ಕೇಳಬೇಡಿ. ಟೈಮರಿಗೆ ಕಣ್ಣಿದೆಯಾ? ಜಾಹೀರಾತೂ ಸೇರಿಸಿ ಹಿಡಿದುಬಿಡುತ್ತಿತ್ತು. ಜಾಹೀರಾತು ಇರುವ ಟೇಪಿಗೆ ನಾವು ‘ಗಲೀಜು ಟೇಪು’ ಅನ್ನುತ್ತಿದ್ದೆವು. ಅಂಥದ್ದನ್ನು ನೆಂಟರಿಗೆ ಹಾಕಿ ತೋರಿಸುವುದೂ ಒಂದೇ, ತೊಳೆಯದ ತಟ್ಟೆಯಲ್ಲಿ ಊಟ ಬಡಿಸುವುದೂ ಒಂದೇ. ಅದಕ್ಕೇ ವೈರಿನ ತುದಿಯಲ್ಲಿದ್ದ ನಿಲ್ಲಿಸುವ ಗುಂಡಿಯನ್ನು ಕೈಯಲ್ಲಿ ಹಿಡಿದು ಒಬ್ಬರು ಕೂರಲೇಬೇಕಿತ್ತು. ಜಾಹೀರಾತು ಶುರುವಾದ ತಕ್ಷಣ ಒತ್ತಬೇಕು, ಮುಗಿದ ತಕ್ಷಣ ಬಿಡಬೇಕು. ಮೆಷೀನಿದ್ದ ಮನೆಯಲ್ಲೆಲ್ಲ ಮಾಡುತ್ತಿದ್ದರು, ಆದರೆ ನನ್ನ ಹಾಗೆ ಯಾರೂ ಇಲ್ಲ. ನಾಯಕಿ ಕಣ್ಣೀರು ಒರೆಸಿಕೊಳ್ಳೋಕೆ ಕೈ ಎತ್ತಿದರೆ ನನಗೆ ಗೊತ್ತಾಗುತ್ತಿತ್ತು, ಈಗ ಬರುತ್ತೆ ಅಂತ. ನಾನು ಹಿಡಿದ ಟೇಪಿನಲ್ಲಿ ಆ ಕಣ್ಣೀರು ಇನ್ನೂ ಕೆನ್ನೆ ಮೇಲಿರುವಾಗಲೇ ಮುಂದಿನ ಬಾಗಿಲು ತೆರೆಯುತ್ತಿತ್ತು.

ನನ್ನ ಅಮ್ಮ ಎರ್ಮೀನಿಯಾ ಹಿತ್ತಲಿನ ತೊಟ್ಟಿಯಲ್ಲಿ ಮಂದಿಯ ಬಟ್ಟೆ ಒಗೆಯುತ್ತಿದ್ದಳು. ಅದರ ಹಿಂದಿನ ವರ್ಷ ನಮ್ಮ ಬೀದಿಗೆ ಒಂದು ಜೀಪು ಬಂದಿತ್ತು. ಊರಲ್ಲೇ ತಯಾರಾಗುತ್ತಿದ್ದ ‘ಎಸ್ಪುಮೀನಾ’ ಅನ್ನುವ ನೀಲಿ ಬಾರ್ ಸಾಬೂನಿಗೆ ಜಾಹೀರಾತು ತೆಗೆಯಬೇಕಂತೆ. ಬಣ್ಣ ಬಣ್ಣದ ಗೋಡೆ ಚೆನ್ನಾಗಿ ಕಾಣುತ್ತೆ ಅಂತ ನಮ್ಮ ಹಿತ್ತಲನ್ನು ಆರಿಸಿದರು. ಒಗೆಯುವವಳಾಗಿ ನಟಿಸಲು ಉಗುರಿಗೆ ಬಣ್ಣ ಹಚ್ಚಿದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ಆಕೆ ಅಂಗಿಯನ್ನು ಬೆಕ್ಕಿನ ಮರಿ ಸವರಿದ ಹಾಗೆ ಸವರುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುವಷ್ಟು ನೋಡಿದಳು, ಆಮೇಲೆ ತಡೆಯಲಾರದೆ ಹೋಗಿ ಅಂಗಿ ಕಿತ್ತುಕೊಂಡಳು. “ಹೀಗೆ ತಿಕ್ಕಿದ್ರೆ ಕೊಳೆ ನಗುತ್ತೆ ಕಣಮ್ಮಾ, ಕೊಡು ಇಲ್ಲಿ” ಅಂದಳು. ಕ್ಯಾಮೆರಾದವನು ಅಲ್ಲಿಂದ ಮುಂದೆ ಅಮ್ಮನ ಮೇಲಿಂದ ಕ್ಯಾಮೆರಾ ತೆಗೆಯಲಿಲ್ಲ. ಕೊನೆಗೆ ಹುಡುಗಿ ಜೀಪಿನಲ್ಲಿ ಕೂತಳು, ಜಾಹೀರಾತಿನಲ್ಲಿ ಅಮ್ಮ ಬಂದಳು.

ಅಮ್ಮ ಒಗೆದ ಆ ಅಂಗಿ, ಅವರು ನಮ್ಮ ಬಟ್ಟೆ ರಾಶಿಯಿಂದ ಎತ್ತಿಕೊಂಡದ್ದು, ನನ್ನದು. ನಾನು ಹಾಕಿಕೊಂಡು ಓಡಾಡುತ್ತಿದ್ದ, ಕಾಲರಿಗೆ ಕಸೂತಿ ಇದ್ದ ಬಿಳಿ ಅಂಗಿ. ಅದನ್ನು ಹಿಂಡಿ, ಕೊಡವಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಕ್ಯಾಮೆರಾಕ್ಕೆ ಹೇಳಿದಳು: “ಬೀದಿಗೆಲ್ಲ ಕಾಣ್ಲಿ, ನನ್ನ ಮಗಳ ಅಂಗಿ!” ಅಷ್ಟೇ. ಮಾಮೂಲಿನಂತೆ ರಾಜಧಾನಿಯ ಕಲಾವಿದೆಯ ದನಿ ಹಾಕದೆ, ಊರ ಚಾನೆಲ್ಲಿಗೆ ತಾನೇ ಅಂತ ಅಮ್ಮನ ದನಿಯನ್ನೇ ಬಿಟ್ಟರು.

ಆ ಜಾಹೀರಾತು ಒಂದೂವರೆ ವರ್ಷ ಬಂತು. ದಿನಕ್ಕೆ ನಾಲ್ಕೈದು ಸಲ. ನನ್ನ ಗತಿ ಏನಾಗಿರಬೇಕು ಹೇಳಿ! ಸ್ಕೂಲಿನ ಗೇಟಲ್ಲಿ ಕಾಲಿಟ್ಟರೆ ಹುಡುಗರು ಒಟ್ಟಿಗೇ ಕೂಗುತ್ತಿದ್ದರು, “ಎಗ್ಲೆ, ನಿನ್ನ ಅಂಗಿ ಕಾಣ್ತಿದೆ!” ಹುಡುಗಿಯರು ಕಾಲರ್ ಹಿಡಿದು ಮೂಸುತ್ತಿದ್ದರು. ಹದಿನೈದನೇ ವಯಸ್ಸಲ್ಲಿ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆ ಸಿಟ್ಟನ್ನೆಲ್ಲ ನಾನು ಹೆಬ್ಬೆರಳಿಗೆ ಇಳಿಸಿದೆ. ಬೇರೆ ಜಾಹೀರಾತಿಗೆ ಅರ್ಧ ಸೆಕೆಂಡು ತಡವಾದರೂ ಆದೀತು, ಅಮ್ಮನ ಜಾಹೀರಾತಿಗೆ ಒಂದು ದಿನವೂ ಆಗಲಿಲ್ಲ. ಗುಂಡಿ ಒತ್ತಿ, ಜೊತೆಗೆ ಟೀವಿಯ ಸದ್ದನ್ನೂ ಪೂರ್ತಿ ಇಳಿಸುತ್ತಿದ್ದೆ. ಅಮ್ಮ ಒದ್ದೆ ಕೈಯಲ್ಲೇ ಹಿತ್ತಲಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಟೀವಿಯಲ್ಲಿ ತಾನು ಬಾಯಿ ಆಡಿಸುವುದನ್ನು ನೋಡುತ್ತಿದ್ದಳು, ನನ್ನ ಕೈಯನ್ನೂ ನೋಡುತ್ತಿದ್ದಳು, ವಾಪಸು ತೊಟ್ಟಿಗೆ ಹೋಗುತ್ತಿದ್ದಳು.

ನನಗೆ ಹದಿನೆಂಟು ತುಂಬಿದ ವರ್ಷ ಅಮ್ಮ ತೀರಿಕೊಂಡಳು. ಬೆಳಿಗ್ಗೆ ಎದೆನೋವು ಅಂದಳು, ಸಂಜೆಗೆ ಇಲ್ಲ. ಉಳಿದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅಮ್ಮ ಪೊಲೀಸರಿಗೆ ಹೆದರಿದವಳ ಹಾಗೆ ಕಾಣುತ್ತಾಳೆ.

ಈಗ ನನಗೆ ಐವತ್ತೇಳು. ಅದೇ ಮನೆ, ಅದೇ ಕಿಟಕಿ. ಆ ಕಿಟಕಿಯಲ್ಲಿ ಬೆಳಿಗ್ಗೆ ಕರಿದ ಪಾಸ್ತೆಲಿತೊ ಮಾರುತ್ತೇನೆ, ಒಳಗೆ ಆಲೂಗಡ್ಡೆ ತುಂಬಿದ್ದೂ ಚೀಸು ತುಂಬಿದ್ದೂ. ಕಳೆದ ವರ್ಷ ಒಂದು ಭಾನುವಾರ ಊಟವಾದ ಮೇಲೆ ನನ್ನ ತಂಗಿಯ ಮಗಳು ಯೋಸ್ಮಾರಿ ಫೋನು ಹಿಡಿದುಕೊಂಡು ಬಂದಳು. “ದೊಡ್ಡಮ್ಮಾ, ಇಲ್ಲಿ ನೋಡು, ನಿಮ್ಮ ಕಾಲದ ಜಾಹೀರಾತು ಎಲ್ಲಾ ಹಾಕಿದ್ದಾರೆ!”

ಅಯ್ಯೋ ನಮ್ಮೂರ ಕಾಯೋ ಚಿನೀತಾ ತಾಯಿ, ಆ ಮಧ್ಯಾಹ್ನ ನಮ್ಮ ಮನೆ ನೋಡಬೇಕಿತ್ತು. ಹಲ್ಲುಪೇಸ್ಟಿನದು ಬಂತು, ಎಲ್ಲರೂ ಒಟ್ಟಿಗೆ ಹಾಡಿದರು. ಕೋಕೋ ಪುಡಿಯದು ಬಂತು, ತಂಗಿಯ ಗಂಡ ಎದ್ದು ಕುಣಿದ. ಕ್ರಿಸ್‌ಮಸ್ಸಿನ ಕೇಕಿನದು ಬಂತು, ತಂಗಿ ಮೂಗು ಒರೆಸಿಕೊಂಡಳು. ಆ ಕಾಲದಲ್ಲಿ ಇವು ಬಂದರೆ ಎದ್ದು ಬಚ್ಚಲಿಗೆ ಹೋಗುತ್ತಿದ್ದ ಜನ ನಾವು! ಯಾರೋ ಪುಣ್ಯಾತ್ಮ ಕೆಳಗೆ ಬರೆದಿದ್ದ: “ಆಗ ಯಾವಾಗ ಮುಗಿಯುತ್ತೋ ಅನ್ನಿಸುತ್ತಿತ್ತು, ಈಗ ಮುಗಿದುಹೋಯಿತಲ್ಲಾ ಅನ್ನಿಸುತ್ತೆ.”

“ಎಸ್ಪುಮೀನಾ ಅಂತ ಹುಡುಕೇ” ಅಂದೆ.

ಯೋಸ್ಮಾರಿ ಹುಡುಕಿದಳು. ಹೀಗೆ ಬರೆದಳು, ಹಾಗೆ ಬರೆದಳು. ಸಾವಿರಾರು ಜಾಹೀರಾತು ಇದ್ದವು, ಇದೊಂದು ಇರಲಿಲ್ಲ. ಆ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಆ ಚಾನೆಲ್ಲಿನವರೂ ಹಳೇ ಟೇಪುಗಳ ಮೇಲೇ ಹೊಸದು ತುಂಬಿಕೊಂಡಿದ್ದರು, ಹಳೆಯದು ಒಂದೂ ಉಳಿದಿಲ್ಲ ಅಂತ ಅಲ್ಲಿ ಕೆಲಸ ಮಾಡಿದವನೊಬ್ಬ ಹೇಳಿದ.

“ಅಜ್ಜಿ ಏನು ಹೇಳ್ತಿದ್ರು ಅದರಲ್ಲಿ?” ಅಂತ ಯೋಸ್ಮಾರಿ ಕೇಳಿದಳು.

ಹೇಳಿದೆ. “ಬೀದಿಗೆಲ್ಲ ಕಾಣ್ಲಿ, ನನ್ನ ಮಗಳ ಅಂಗಿ.”

“ಹೇಗೆ ಹೇಳ್ತಿದ್ರು? ಅವರ ಥರಾನೇ ಹೇಳು ದೊಡ್ಡಮ್ಮಾ.”

ಬಾಯಿ ತೆರೆದೆ. ಬರಲಿಲ್ಲ. ಮಾತು ನೆನಪಿದೆ, ದನಿ ನೆನಪಿಲ್ಲ. ದಪ್ಪ ದನಿಯಾ? ಕೀರಲಾ? ನಗುತ್ತಾ ಹೇಳಿದಳಾ? ತಂಗಿಯ ಕಡೆ ನೋಡಿದೆ, ಅಮ್ಮ ಹೋದಾಗ ಅವಳು ಚಿಕ್ಕವಳು, ಅವಳಿಗೂ ನೆನಪಿರಲಿಲ್ಲ. ಹೆತ್ತ ತಾಯಿಯ ದನಿ ನನಗೆ ನೆನಪಿಲ್ಲ ಅಂತ ಐವತ್ತಾರನೇ ವಯಸ್ಸಿನಲ್ಲಿ, ಮನೆ ತುಂಬ ನೆಂಟರ ಮುಂದೆ ಗೊತ್ತಾಯಿತು. ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ, ಅದು ಬೇರೆ ವಿಷಯ. ಅಲ್ಲೇ ನಿಂತು ತೀರ್ಮಾನ ಮಾಡಿದೆ. ಈ ಊರಲ್ಲಿ ಎಲ್ಲಾದರೂ ಒಂದು ಕಡೆ ಅಮ್ಮನ ದನಿ ಇದ್ದೇ ಇರಬೇಕು, ನಾನು ಕೇಳಿಯೇ ಸಾಯುತ್ತೇನೆ.

ಮಾರನೇ ದಿನದಿಂದ ಪಾಸ್ತೆಲಿತೊ ವ್ಯಾಪಾರ ಮುಗಿಸಿ ಮನೆಮನೆ ತಿರುಗಿದೆ. ಹಳೇ ಬೀಟಾ ಕ್ಯಾಸೆಟ್ ಇದ್ದರೆ ಕೊಡಿ ಅಂತ, ಯಾವುದಾದರೂ ಒಂದರಲ್ಲಿ ಕೈ ತಪ್ಪಿರುತ್ತೆ ಅನ್ನೋ ಆಸೆಯಿಂದ. ಜನ ಎಸೆದಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಬೀರುವಿನ ತಲೆ ಮೇಲೆ, ಮಂಚದ ಕೆಳಗೆ, ಬಲೂನು ತುಂಬಿದ ಡಬ್ಬದಲ್ಲಿ, ಎಲ್ಲೆಲ್ಲಿಂದಲೋ ತೆಗೆದುಕೊಟ್ಟರು. ಕೊಡುವಾಗ ಒಬ್ಬೊಬ್ಬರದೂ ಒಂದೇ ಮಾತು. “ನಿನ್ನ ಕೈಯಿಂದಲೇ ಹಿಡಿದದ್ದು ಕಣೇ ಎಗ್ಲೆ. ಭೂತಗನ್ನಡಿ ಹಿಡಿದು ಹುಡುಕಿದ್ರೂ ಒಂದು ಜಾಹೀರಾತು ಸಿಗಲ್ಲ!” ಹೊಗಳುತ್ತಾ ಕೊಡುತ್ತಿದ್ದರು, ನಾನು ತಲೆ ತಗ್ಗಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ.

ಎಲ್ಲವನ್ನೂ ಚೀಲದಲ್ಲಿ ಹೊತ್ತು ನೇರಿಯೋನ ಹತ್ತಿರ ಹೋದೆ. ನೇರಿಯೋ ನಮ್ಮ ಬೀದಿಯ ಕೊನೆಯಲ್ಲಿ ರೇಡಿಯೋ, ಫ್ಯಾನು ರಿಪೇರಿ ಮಾಡುವವನು, ನನ್ನದೇ ವಯಸ್ಸು, ಸ್ಕೂಲಿನ ಗೇಟಲ್ಲಿ “ಅಂಗಿ ಕಾಣ್ತಿದೆ” ಅಂತ ಕೂಗಿದವರಲ್ಲಿ ಅವನದೇ ಗಂಟಲು ಜೋರು. ಇಡೀ ಸಾಂತಾ ಲೂಸಿಯಾದಲ್ಲಿ ಓಡುವ ಬೀಟಾ ಮೆಷೀನು ಉಳಿದಿದ್ದು ಅವನ ಹತ್ತಿರ ಮಾತ್ರ.

“ಓಡುತ್ತೆ ಅಂತ ಬಡಾಯಿ ಹೊಡೀಬೇಡ ಯಾರ ಹತ್ರಾನೂ” ಅಂದ. “ಒಳಗಿನ ಹೆಡ್ಡು ಸವೆದಿದೆ. ನಿನ್ನ ಈ ಬೂಷ್ಟು ಹಿಡಿದ ಕ್ಯಾಸೆಟ್ಟು ಹಾಕ್ತಾ ಹೋದ್ರೆ ಇವತ್ತೋ ನಾಳೆಯೋ ಗೊಟಕ್. ಹೊಸ ಹೆಡ್ಡು ಈ ಭೂಮಿ ಮೇಲೆ ಎಲ್ಲೂ ಸಿಗಲ್ಲ.”

“ಸಾಯೋವರೆಗೂ ಓಡಿಸು.”

“ನೀನಾ, ಮೆಷೀನಾ?”

“ಯಾರು ಮೊದಲು ಹೋಗ್ತಾರೋ ನೋಡೋಣ. ಹಾಕೋ, ಕರೆಂಟು ಹೋಗೋದರೊಳಗೆ.”

ಆ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಬರುತ್ತಿತ್ತು. ಆ ನಾಲ್ಕು ಗಂಟೆ ದಿನವೂ ಅವನ ಅಂಗಡಿಯಲ್ಲಿ ಬೆವರು ಸುರಿಸುತ್ತಾ ಕೂತೆ. ಎರಡು ವಾರ. ನಾಯಕಿ ಅತ್ತಳು, ಕುರುಡಿಯಾದಳು, ಕಣ್ಣು ಬಂತು, ಮತ್ತೆ ಅತ್ತಳು. ಒಂದೇ ಒಂದು ಜಾಹೀರಾತು ಇಲ್ಲ. ನನ್ನ ಕೈಚಳಕಕ್ಕೆ ನಾನೇ ಶಾಪ ಹಾಕಿದೆ.

“ನಿನ್ನ ಹೆಬ್ಬೆರಳು ಅವತ್ತೇ ಬಾಗಿಲಿಗೆ ಸಿಕ್ಕಿಹಾಕ್ಕೋಬಾರದಿತ್ತಾ” ಅಂದ ನೇರಿಯೋ. ಬೈಗುಳವಾದರೂ ನನಗೂ ಹಾಗೇ ಅನ್ನಿಸುತ್ತಿತ್ತು.

ಹದಿನಾರನೇ ಕ್ಯಾಸೆಟ್ಟಿನಲ್ಲಿ ಅವನು ಒಮ್ಮೆಲೇ “ತಡಿ, ತಡಿ” ಅಂದ. ಹಿಂದಕ್ಕೆ ತಿರುಗಿಸಿ ಚೂರು ಚೂರೇ ಬಿಟ್ಟ. ನಾಯಕಿಯ ಕಣ್ಣೀರಿಗೂ ಮುಂದಿನ ಬಾಗಿಲಿಗೂ ನಡುವೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಹಳದಿ ಗೋಡೆ. ಸಿಮೆಂಟಿನ ತೊಟ್ಟಿಯ ಅಂಚು. ಒಂದು ಮೊಣಕೈ.

ನಮ್ಮ ಹಿತ್ತಲು! ಅಮ್ಮನ ಮೊಣಕೈ! ಸಾಬೂನಿನ ನೊರೆ ಅಂಟಿದ್ದ ಮೊಣಕೈ. ನಾನು ಅಷ್ಟು ಅವಸರದಲ್ಲಿ ಒತ್ತಿದರೂ ಮೆಷೀನು ನಿಲ್ಲುವ ಮೊದಲು ಅಷ್ಟನ್ನು ನುಂಗಿಬಿಟ್ಟಿತ್ತು. ನೇರಿಯೋ ಹತ್ತು ಸಲ ಓಡಿಸಿದ. ಹನ್ನೊಂದನೇ ಸಲ ನಾನೇ ಬೇಡ ಅಂದೆ. ಮುಖ ಬರುವುದರೊಳಗೆ, ದನಿ ಬರುವುದರೊಳಗೆ ನನ್ನ ಹೆಬ್ಬೆರಳು ಬರುತ್ತಿತ್ತು, ಹತ್ತು ಸಲವೂ.

“ನಿನ್ನ ಬಿಟ್ಟು ಬೇರೆ ಯಾರೂ ಆ ಗುಂಡಿ ಮುಟ್ತಾನೇ ಇರಲಿಲ್ವಾ ನಿಮ್ಮನೇಲಿ?” ಅಂತ ಕೇಳಿದ ನೇರಿಯೋ. “ಒಂದು ದಿನಾನೂ ಜ್ವರ ಬರಲಿಲ್ವಾ ನಿನಗೆ?”

ಕೂತಲ್ಲಿಂದ ಎದ್ದು ನಿಂತೆ.

ಜ್ವರ ಅಲ್ಲ, ಕವಾಯತು. ಚಿನೀತಾ ತಾಯಿಯ ಹಬ್ಬಕ್ಕೆ ಸ್ಕೂಲಿನ ಮಕ್ಕಳೆಲ್ಲ ಮೆರವಣಿಗೆಯಲ್ಲಿ ನಡೆಯಬೇಕಿತ್ತು, ಒಂದು ಮಧ್ಯಾಹ್ನ ಅಭ್ಯಾಸಕ್ಕೆ ಕರೆದಿದ್ದರು. ಅಂದು ಉಬಾಲ್ದಿನಾಳ ಸರದಿ. ಮೂರು ಮನೆ ಆಚೆ ದಿನಸಿ ಅಂಗಡಿ ಇಟ್ಟಿದ್ದ ಹೆಂಗಸು, ನಾಲಿಗೆ ಅಂದರೆ ಕುಡುಗೋಲು. ಅಂದು ಧಾರಾವಾಹಿಯಲ್ಲಿ ಮದುವೆ ಬೇರೆ, ಅವಳು ಹೊಚ್ಚಹೊಸ ಕ್ಯಾಸೆಟ್ ಒಡೆದು ಕೊಟ್ಟಿದ್ದಳು. ನಾನು ಅಮ್ಮನಿಗೆ ಗುಂಡಿ ಕೊಟ್ಟು, ಹೇಗೆ ಒತ್ತಬೇಕು ಅಂತ ಮೂರು ಸಲ ಹೇಳಿ, ಹೆದರುತ್ತಲೇ ಹೋಗಿದ್ದೆ.

ಮಾರನೇ ದಿನ ಉಬಾಲ್ದಿನಾ ಕ್ಯಾಸೆಟ್ ಎತ್ತಿ ಹಿಡಿದುಕೊಂಡು ಬೀದಿಯ ನಡುವೆ ನಿಂತಳು. “ನೋಡ್ರಮ್ಮಾ, ಗಲೀಜು ಟೇಪು ಕೊಟ್ಟಿದ್ದಾಳೆ! ಮದುವೆ ಮಧ್ಯದಲ್ಲಿ ಸಾಬೂನು!” ನಾನು ಒಳಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ “ಕೈ ಜಾರ್ತು ಮಗಳೇ” ಅಂದಳು. ನಾನು ಬಾಯಿಗೆ ಬಂದ ಹಾಗೆ ಅಂದೆ. ಒಂದು ಗುಂಡಿ ಒತ್ತೋಕೂ ಬರಲ್ಲವಾ, ಬಟ್ಟೆ ತಿಕ್ಕೋದು ಬಿಟ್ಟು ಬೇರೇನು ಬರುತ್ತೆ ನಿನಗೆ, ಅಂತ. ಇವತ್ತು ಆ ಮಾತನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಆಮೇಲೆ ಹೊರಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಸುಳ್ಳು ಹೇಳಿದೆ. “ನನ್ನ ಟೇಪಿನಲ್ಲಿ ಯಾವತ್ತೂ ಜಾಹೀರಾತಿಲ್ಲ. ಇದು ನೀನೇ ಮನೇಲಿ ಹಿಡಿದದ್ದು. ಸುಳ್ಳಿ!” ಅಂದಿನಿಂದ ಉಬಾಲ್ದಿನಾಗೂ ನಮಗೂ ಮಾತಿಲ್ಲ. ನಲವತ್ತೊಂದು ವರ್ಷ. ಅವಳ ಮನೆ ಮುಂದೆ ಹಾದುಹೋಗಬೇಕಾದರೆ ನಾನು ಸುಡುಬಿಸಿಲಲ್ಲೂ ಎದುರು ಬದಿಗೆ ದಾಟಿಬಿಡುತ್ತಿದ್ದೆ.

“ಎಲ್ಲಿಗೆ ಹೊರಟೆ?” ಅಂದ ನೇರಿಯೋ.

“ಮೆಷೀನು ಆರಿಸು. ಇನ್ನೊಂದು ಕ್ಯಾಸೆಟ್ಟೂ ಹಾಕ್ಬೇಡ. ಒಂದಕ್ಕೆ ಉಸಿರು ಉಳಿಸಿಟ್ಟಿರು.”

ಮಾರನೇ ಬೆಳಿಗ್ಗೆ ಬಿಸಿ ಪಾಸ್ತೆಲಿತೊ ಒಂದು ತಟ್ಟೆ ತುಂಬ ಇಟ್ಟುಕೊಂಡು ಉಬಾಲ್ದಿನಾಳ ಬಾಗಿಲಿಗೆ ಹೋದೆ. ಅವಳಿಗೆ ಈಗ ಎಂಬತ್ತೆರಡು. ಜಗುಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ಬೀದಿ ಕಾಯುತ್ತಾಳೆ. ನನ್ನನ್ನು ನೋಡಿ ಕುರ್ಚಿ ನಿಲ್ಲಿಸಿದಳು.

“ದೊನ್ಯಾ ಉಬಾಲ್ದಿನಾ, ನಮಸ್ಕಾರ” ಅಂದೆ, ಹಿರಿಯ ಹೆಂಗಸರಿಗೆ ಸಲ್ಲುವ ಮರ್ಯಾದೆ ಸೇರಿಸಿ.

“ಯಾರು ಸತ್ತರು?”

“ಯಾರೂ ಸತ್ತಿಲ್ಲ.”

“ಮತ್ತೆ ನೀನ್ಯಾಕೆ ಈ ಬದಿ ನಡಕೊಂಡು ಬಂದೆ? ದಾರಿ ತಪ್ಪಿತಾ?” ತಟ್ಟೆಯ ಕಡೆ ಮೂಗು ಚಾಚಿದಳು. “ಏನದು, ವಿಷಾನಾ?”

“ಚೀಸಿಂದು. ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ.”

“ತಂದಿದ್ದು ಇಡು. ವಿಷ ಆದ್ರೂ ಬಿಸಿಯಾಗಿದೆ.” ಒಂದು ಎತ್ತಿಕೊಂಡು ಅರ್ಧ ಕಚ್ಚಿದಳು. “ಉಪ್ಪು ಕಮ್ಮಿ. ನಿಮ್ಮಮ್ಮಂಗೂ ಹೀಗೇ, ಉಪ್ಪಿನ ಕೈ ಕಮ್ಮಿ. ಈಗ ಬೊಗಳು, ಏನು ಬೇಕಿತ್ತು?”

ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ದನಿ ಮರೆತಿದ್ದನ್ನೂ ಹೇಳಿದೆ. ಅವಳು ಪಾಸ್ತೆಲಿತೊ ಮುಗಿಸಿದಳು, ಬೆರಳು ನೆಕ್ಕಿದಳು.

“ಆ ಟೇಪು ನನ್ನ ಹತ್ರ ಇದೆ” ಅಂದಳು.

ನಾನು ಅವಳ ಕುರ್ಚಿಯ ಹತ್ತಿರ ಸರಿದೆ.

“ಯಾಕೆ ಇಟ್ಕೊಂಡಿದ್ದೀನಿ ಕೇಳು. ಸಾಕ್ಷಿಗೆ! ನಡುಬೀದೀಲಿ ನನ್ನ ಸುಳ್ಳಿ ಅಂದೆ ನೀನು. ಎಂಟು ವರ್ಷ ಜನ ನನ್ನ ಬೆನ್ನ ಹಿಂದೆ ನಕ್ಕರು, ಎಗ್ಲೆ ಟೇಪಿನ ಮೇಲೆ ಉಬಾಲ್ದಿನಾ ಕೊಳೆ ಹಾಕಿದಳು ಅಂತ. ಒಂದಲ್ಲ ಒಂದು ದಿನ ನಿನ್ನ ಮೂತಿ ಮೇಲೆ ಹಿಡಿದು ತೋರಿಸ್ತೀನಿ ಅಂತ ಎತ್ತಿಟ್ಟೆ. ಪ್ಲಾಸ್ಟಿಕ್ ಸುತ್ತಿ, ಕರ್ಪೂರದ ಗುಳಿಗೆ ಹಾಕಿ ಇಟ್ಟಿದ್ದೀನಿ ಕಣೇ. ನನ್ನ ಮದುವೆ ಬಟ್ಟೇನೂ ಅಷ್ಟು ಜೋಪಾನವಾಗಿ ಇಡಲಿಲ್ಲ.”

“ಕೊಡಿ.”

“ಕೊಡ್ತೀನಿ. ಎಲ್ಲಿ ಅಂದ್ಯೋ ಅಲ್ಲೇ ನಿಂತು, ಎಷ್ಟು ಜೋರಾಗಿ ಅಂದ್ಯೋ ಅಷ್ಟೇ ಜೋರಾಗಿ ಹೇಳು. ಟೇಪು ನಂದೇ, ಗಲೀಜಿತ್ತು, ಸುಳ್ಳಿ ನಾನೇ ಅಂತ. ಬರೀ ನನ್ನ ಕಿವೀಲಿ ಹೇಳಿದ್ರೆ ಆಗಲ್ಲ.”

ಬೆಳಿಗ್ಗೆ ಒಂಬತ್ತೂವರೆ. ನೀರಿನ ಟ್ಯಾಂಕರ್ ಬರುವ ಹೊತ್ತು, ಬೀದಿ ತುಂಬ ಬಿಂದಿಗೆ, ಡ್ರಮ್ಮು, ಜನ. ನನಗೆ ಹದಿನೈದರ ವಯಸ್ಸಿನ ಸಿಟ್ಟು ಒಂದು ಕ್ಷಣ ಬುಸ್ ಅಂತ ಎದ್ದಿತು. ಈ ಮುದುಕಿಯ ಹಟ ನೋಡು ಅನ್ನಿಸಿತು. ಆಮೇಲೆ ಆ ಮೊಣಕೈ ನೆನಪಾಯಿತು. ಬೀದಿಯ ಮಧ್ಯಕ್ಕೆ ಹೋಗಿ ನಿಂತೆ.

“ಕೇಳ್ರಪ್ಪಾ!” ಅಂದೆ. “ಎಂಬತ್ತಮೂರನೇ ಇಸವೀಲಿ ದೊನ್ಯಾ ಉಬಾಲ್ದಿನಾಗೆ ಕೊಟ್ಟ ಮದುವೆ ಟೇಪು ನಮ್ಮನೇಲೇ ಹಿಡಿದದ್ದು. ಅದರಲ್ಲಿ ಜಾಹೀರಾತಿತ್ತು. ಅವರು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು!”

ಬಿಂದಿಗೆಗಳ ಸದ್ದು ನಿಂತಿತು. ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ. ಒಬ್ಬಾಕೆ “ಪಾಪ, ಬಿಸಿಲು ತಲೆಗೆ ಹತ್ತಿದೆ” ಅಂದಳು. ಆದರೆ ಹಳಬರು ನಾಲ್ಕೈದು ಜನ ಇದ್ದರಲ್ಲ, ಅವರು ಬಾಯಿ ಬಿಟ್ಟುಕೊಂಡು ಉಬಾಲ್ದಿನಾಳ ಕಡೆ ತಿರುಗಿದರು. ಮುದುಕಿ ತೂಗುಕುರ್ಚಿಯಲ್ಲಿ ನೆಟ್ಟಗೆ ಕೂತು, ರಾಣಿಯಂತೆ ತಲೆ ಆಡಿಸಿದಳು.

“ಇನ್ನೊಂದ್ಸಲ. ಡ್ರಮ್ಮಿನ ಹತ್ರ ಇರೋರಿಗೆ ಕೇಳಲಿಲ್ಲ” ಅಂದಳು.

ಇನ್ನೊಂದು ಸಲ ಹೇಳಿದೆ. ಮೊದಲಿಗಿಂತ ಜೋರಾಗಿ ಹೇಳಿದೆ.

ಹನ್ನೊಂದಕ್ಕೆ ಕರೆಂಟು ಬಂತು. ಉಬಾಲ್ದಿನಾ ತಾನೂ ಬರುತ್ತೇನೆ ಅಂದಳು. “ನನ್ನ ಟೇಪು, ನಾನು ನೋಡ್ದೆ ಇರ್ತೀನಾ?” ಅಂತ. ಕೋಲು ಊರಿಕೊಂಡು, ನನ್ನ ತೋಳು ಹಿಡಿದು, ಬೀದಿಯ ಕೊನೆಯವರೆಗೂ ನಡೆದಳು. ನೇರಿಯೋ ಮೆಷೀನಿನ ಒಳಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟಿದ್ದ. ಫೋನನ್ನು ಟೀವಿಯ ಮುಂದೆ ಕಟ್ಟಿ ನಿಲ್ಲಿಸಿದ್ದ, ಬಂದದ್ದು ಬಂದ ಹಾಗೆ ಹಿಡಿದುಕೊಳ್ಳಲಿ ಅಂತ. “ಒಂದೇ ಸಲ ಓಡುತ್ತೆ ಅಂದ್ಕೊಳ್ಳಿ. ಯಾರೂ ಮಾತಾಡ್ಬೇಡಿ. ಅಳೋರು ಹೊರಗೆ ಹೋಗಿ” ಅಂದ. ನನ್ನ ಕೈಗೆ ರಿಮೋಟು ಕೊಟ್ಟ.

ಮೇಲೆ ಕೆಳಗೆ ಎರಡು ಬಿಳಿ ಗೆರೆ ಓಡಿದವು. ಆಮೇಲೆ ಚರ್ಚು, ಹೂವು, ಬಿಳಿ ಗೌನಿನ ನಾಯಕಿ. ಮೊದಲ ವಿರಾಮ ಬಂತು. ಏನೂ ಇಲ್ಲ. ಚರ್ಚಿನ ಮೆಟ್ಟಿಲಿನಿಂದ ನೇರ ಪಾದ್ರಿಯ ಮುಖಕ್ಕೆ. ಕತ್ತರಿಸಿದ ಗುರುತೇ ಕಾಣಲಿಲ್ಲ, ಒಂದು ಮಿಂಚೂ ಇಲ್ಲ. ನಾನು ನೇರಿಯೋನ ಮುಖ ನೋಡಿದೆ. ಎರಡನೇ ವಿರಾಮ. ಅದೂ ಹಾಗೇ, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. ನನ್ನ ಕೈಗಿಂತ ಚೊಕ್ಕ. ಇದು ಆ ಟೇಪು ಅಲ್ಲವೇನೋ ಅಂತ ಭಯವಾಯಿತು, ಉಬಾಲ್ದಿನಾಗೆ ವಯಸ್ಸಾಗಿದೆ, ಬೇರೇನೋ ಎತ್ತಿಟ್ಟಿದ್ದಾಳೆ ಅಂದುಕೊಂಡೆ.

ಉಂಗುರ ತೊಡಿಸುವ ಹೊತ್ತಿಗೆ ಬಾಗಿಲು ಧಡ್ ಅಂತ ತೆರೆಯಿತು, ಖಳನಾಯಕ ನಿಂತಿದ್ದ, ಎಲ್ಲರೂ ತಿರುಗಿದರು. ಆಮೇಲೆ ಹಳದಿ ಗೋಡೆ.

ನನ್ನ ಹೆಬ್ಬೆರಳು ತಾನಾಗೇ ಮೇಲೆದ್ದಿತು. ದೇವರಾಣೆಗೂ, ತಾನಾಗೇ. ನಲವತ್ತೊಂದು ವರ್ಷ ಆಗಿದ್ದರೂ ಅದಕ್ಕೆ ಗೊತ್ತಿತ್ತು ಎಲ್ಲಿ ಒತ್ತಬೇಕು ಅಂತ. ನಾನು ರಿಮೋಟನ್ನು ಉಬಾಲ್ದಿನಾಳ ಮಡಿಲಿಗೆ ಎಸೆದು, ಆ ಕೈಯನ್ನು ನನ್ನ ತೊಡೆ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟೆ.

ಮೊಣಕೈ ಬಂತು. ಆಮೇಲೆ ತೋಳು, ಭುಜ, ಬೆವರಿದ ಕತ್ತು. ಅಮ್ಮ ತಿರುಗಿದಳು. ನನಗಿಂತ ಎಷ್ಟು ಚಿಕ್ಕವಳು! ಮೂವತ್ತೆಂಟೋ ಮೂವತ್ತೊಂಬತ್ತೋ. ಮುಂದಿನ ಹಲ್ಲುಗಳ ಮಧ್ಯೆ ಸಂದು ಇದ್ದದ್ದು ನನಗೆ ಮರೆತೇ ಹೋಗಿತ್ತು. ಅಂಗಿಯನ್ನು ಹಿಂಡಿ ಕೊಡವಿದಳು, ಹನಿಗಳು ಕ್ಯಾಮೆರಾಕ್ಕೇ ಸಿಡಿದವು, ಅದಕ್ಕೆ ನಗು ಬಂತು ಅವಳಿಗೆ. ನಗು ಇನ್ನೂ ಮುಗಿಯದಿರುವಾಗಲೇ ಅಂಗಿ ಎತ್ತಿ ಹಿಡಿದಳು.

“ಬೀದಿಗೆಲ್ಲ ಕಾಣ್ಲಿ, ನನ್ನ ಮಗಳ ಅಂಗಿ!”

ಒಡಕು ದನಿ. ಸ್ವಲ್ಪ ಗಂಡಸಿನಂಥ, ಬೆಳಗಿನಿಂದ ಸಂಜೆವರೆಗೂ ಗೋಡೆಯಾಚೆಗೆ ಕೂಗಿ ಮಾತಾಡಿ ಒರಟಾದ ದನಿ. ‘ಮಗಳ’ ಅನ್ನುವಾಗ ಮಾತ್ರ ಮೆತ್ತಗಾಗುತ್ತದೆ. ಅಯ್ಯೋ, ಅದೇ ಕಣ್ರೀ, ಅದೇ ದನಿ! ಊಟಕ್ಕೆ ಕರೆಯುತ್ತಿದ್ದದ್ದು, ಎಣ್ಣೆ ಹಚ್ಚುವಾಗ ಬೈಯುತ್ತಿದ್ದದ್ದು, ಎಲ್ಲಾ ಒಟ್ಟಿಗೇ ಬಂದುಬಿಟ್ಟಿತು. ನಾನು ಅತ್ತೆ. ನೇರಿಯೋ ಹೊರಗೆ ಹೋಗು ಅನ್ನಲಿಲ್ಲ, ಅವನೇ ಕಣ್ಣು ಒರೆಸಿಕೊಳ್ಳುತ್ತಿದ್ದ.

ಸಾಬೂನಿನ ಹೊದಿಕೆ ಬಂತು, ಹೆಸರು ಬಂತು, ತಕ್ಷಣ ಖಳನಾಯಕನ ಮುಖ. ಅಮ್ಮನ ನಂತರ ಬರಬೇಕಿದ್ದ ಜಾಹೀರಾತುಗಳು ಒಂದೂ ಇಲ್ಲ. ನಾಲ್ಕನೇ ವಿರಾಮ, ಚೊಕ್ಕ. ಐದನೆಯದು, ಚೊಕ್ಕ. ಇಡೀ ಟೇಪಿನಲ್ಲಿ ಅದೊಂದೇ. ಅದಾದ ಸ್ವಲ್ಪ ಹೊತ್ತಿಗೆ ಮೆಷೀನು ಕರ್ ಅಂತ ಒಂದು ಸದ್ದು ಮಾಡಿತು, ಟೀವಿಯಲ್ಲಿ ಬರೀ ಚುಕ್ಕೆಗಳು ಕುಣಿದವು. ನೇರಿಯೋ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿ, “ಹೋಯ್ತು” ಅಂದ. ಫೋನಿಗೆ ಬಂದಿದೆಯಾ ಅಂತ ನೋಡಿದ. ಬಂದಿತ್ತು.

ಉಬಾಲ್ದಿನಾ ಕೋಲಿನ ಮೇಲೆ ಗಲ್ಲ ಊರಿ ಇನ್ನೂ ಟೀವಿಯನ್ನೇ ನೋಡುತ್ತಿದ್ದಳು.

“ಕೈ ಜಾರ್ತು ಅಂದ್ಲಾ ನಿಮ್ಮಮ್ಮ?” ಅಂತ ಕೇಳಿದಳು.

“ಹೂಂ.”

“ನಾಲ್ಕು ವಿರಾಮದಲ್ಲಿ ಜಾರದ ಕೈ, ಮೂರನೇದ್ರಲ್ಲಿ ಮಾತ್ರ ಜಾರ್ತಾ? ಅದೂ ಸಾಬೂನು ಮುಗಿದ ತಕ್ಷಣ ಸರಿಹೋಯ್ತಾ?” ತಲೆ ಆಡಿಸಿದಳು. “ನನ್ನ ಹೊಸ ಕ್ಯಾಸೆಟ್ಟೇ ಬೇಕಾಗಿತ್ತು ನೋಡು ಅವಳಿಗೆ.”

ಒಂದು ಮಧ್ಯಾಹ್ನ, ನಾನು ಮನೆಯಲ್ಲಿಲ್ಲದ ಒಂದೇ ಒಂದು ಮಧ್ಯಾಹ್ನ, ಅಮ್ಮ ಒದ್ದೆ ಕೈ ಒರೆಸಿಕೊಂಡು ನನ್ನ ಜಾಗದಲ್ಲಿ ಕೂತು, ಎಲ್ಲವನ್ನೂ ನಾನು ಹೇಳಿದ ಹಾಗೆಯೇ ತೆಗೆದು, ತನ್ನನ್ನು ಉಳಿಸಿಕೊಂಡಿದ್ದಳು. ಅದಕ್ಕೆ ಅವಳಿಗೆ ನನ್ನಿಂದ ಸಿಕ್ಕಿದ್ದು ಬೈಗುಳ.

ನೇರಿಯೋ ಫೋನು ಕೈಯಲ್ಲಿ ಹಿಡಿದು ಕೇಳಿದ: “ಎಗ್ಲೆ, ಹಿಂದೆ ಮುಂದೆ ಆ ಧಾರಾವಾಹಿ ಯಾಕೆ, ಕತ್ತರಿಸಿಬಿಡ್ತೀನಿ. ಬರೀ ದೊನ್ಯಾ ಎರ್ಮೀನಿಯಾದು ಇಟ್ಟು ಕಳಿಸ್ಲಾ?”

“ಬೇಡ ಕಣೋ” ಅಂದೆ. “ಆ ಕತ್ತರಿಸಿದ್ದೂ ಅಮ್ಮನ ಕೈಯೇ. ಒಂದನ್ನೂ ಮುಟ್ಟಬೇಡ.”